ಹೇಳುವ ಕೆಲಸ

"ನಿನ್ನ ಕೇಳಿ ಏನು ಪ್ರಯೋಜನ ಬಿಡಣ್ಣ. ಮೋನಪ್ಪಣ್ಣ ಬರಲಿ, ಅವರನ್ನೇ ಕೇಳ್ತೀನಿ," ಎಂದಳು ನನ್ನ ತಂಗಿ ಸುಮಿತ್ರಾ.

ಪುಣೆಯಿಂದ ಎರಡು ದಿನದ ಮಟ್ಟಿಗೆ ಬಂದಿದ್ದಳು. ಅವಳು ಕೇಳಿದ್ದು ಮಹಾ ವಿಷಯವೇನಲ್ಲ. ಮೈಸೂರಿನಲ್ಲಿ ಅಮ್ಮನ ಎರಡನೇ ಕಣ್ಣಿನ ಆಪರೇಷನ್ ಯಾವತ್ತು ಎಂದಷ್ಟೇ. ಮೊದಲನೇ ಕಣ್ಣಿನದು ಮುಗಿದಿದೆ ಎಂಬುದೇ ನನಗೆ ಆಗ ಜ್ಞಾಪಕಕ್ಕೆ ಬಂತು.

"ಅವನಿಗೆ ಹೇಗೆ ಗೊತ್ತಿರುತ್ತೆ?" ಎಂದೆ.

"ಅಮ್ಮ ಈಚೆಗೆ ಕಾಗದ ಬರೆಯೋದು ಅವರಿಗೇ ತಾನೆ? ನಿನಗೆ ಬರೆದರೆ ಉತ್ತರ ಎಲ್ಲಿ ಬರುತ್ತೆ? ನೀನು ಅತ್ತಿಗೆ ಅಂತ ಒಬ್ಬಳನ್ನ ತಂದಿದ್ರೂ ಇಷ್ಟು ನೋಡ್ತಿರಲಿಲ್ಲ..." ಎಂದವಳು, ತಾನು ಏನೆಂದೆ ಎಂದು ಹೊಳೆದು, ಸುಮ್ಮನೆ ಸೀರೆ ಮಡಿಸತೊಡಗಿದಳು. ಅವಳು ಯಾವತ್ತೂ ಕೇಳಿಲ್ಲ, ನಾನೂ ಯಾವತ್ತೂ ಹೇಳಿಲ್ಲ. ಮಾಟುಂಗದ ಈ ಒಂದು ರೂಮು-ಕಿಚನ್ನಿನಲ್ಲಿ ನಾನೂ ಮೋನಪ್ಪನೂ ಇರುವುದು ಹನ್ನೊಂದು ವರ್ಷದಿಂದ. ಬಿಲ್ಡಿಂಗಿನವರ ಬಾಯಲ್ಲಿ ನಾವು ರೂಮ್ ಪಾರ್ಟ್ನರುಗಳು. ಬಾಗಿಲು ಹಾಕಿಕೊಂಡರೆ ಏನು ಎಂಬುದು ನಮಗೆ ಗೊತ್ತು. ಗಂಡ ಹೆಂಡಿರಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ನಾಲ್ಕು ಗಂಟೆಗೆ ಮೋನಪ್ಪ ಹೋಟೆಲಿನಿಂದ ಬಂದ. ಉಡುಪಿ ಕಡೆಯ ಧಣಿಯೊಬ್ಬರ ಹೋಟೆಲಿನಲ್ಲಿ ಅವನು ಗಲ್ಲಾದ ಮೇಲೆ ಕೂರುವವನು. ಚಪ್ಪಲಿ ಬಿಡುತ್ತಲೇ ಉತ್ತರ ಕೊಟ್ಟ: "ಹದಿನೆಂಟಕ್ಕೆ. ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕಂತೆ. ಬಿಪಿ ಮಾತ್ರೆ ಒಂದು ಬಿಡ್ಲಿಕ್ಕಿಲ್ಲ. ಸುಮಿತ್ರಕ್ಕ, ನೀವು ಹದಿನಾರಕ್ಕೇ ಹೊರಟ್ರೆ ಒಳ್ಳೇದು."

ಸುಮಿತ್ರಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ಅವಳನ್ನು ದಾದರಿನಲ್ಲಿ ರೈಲು ಹತ್ತಿಸಿ ನಡೆದು ಬರುವಾಗ ನಾನು ತಮಾಷೆಗೆ, "ಅಲ್ಲ ಕಣೋ, ನಮ್ಮಮ್ಮನಿಗೆ ಮಗ ನಾನೋ ನೀನೋ?" ಎಂದೆ. ಅವನು ನಗಲಿಲ್ಲ.

"ಧಣಿಗಳು ಬಾಂದ್ರಾದಲ್ಲಿ ಹೊಸ ಹೋಟ್ಲು ತೆಗೀತಾರೆ. ನನ್ನನ್ನೇ ಮ್ಯಾನೇಜರ್ ಮಾಡ್ತೇನೆ ಅಂತ ಹೇಳಿದ್ದಾರೆ. ಮೇಲೆ ಒಂದು ರೂಮು ಕೊಡ್ತಾರಂತೆ. ಶನಿವಾರ ಹೇಳ್ಬೇಕು."

"ರೂಮು ಯಾಕೆ? ಮಾಟುಂಗ ರೋಡಿನಿಂದ ಎರಡು ಸ್ಟೇಷನ್ ತಾನೆ?"

"ಹೌದು, ಎರಡೇ ಸ್ಟೇಷನ್," ಎಂದ. "ಅಲ್ಲಿ ಒಬ್ಬನೇ ಇದ್ರೆ ನನ್ನ ಒಂದು ತಲೆಯದ್ದು ನೋಡಿದ್ರೆ ಸಾಕು ಮಾರಾಯ. ಇಲ್ಲಿ ಎರಡು ತಲೆಯದ್ದನ್ನು ಒಂದೇ ತಲೆಯಲ್ಲಿ ಇಟ್ಕೊಂಡು ಇಟ್ಕೊಂಡು ನಂಗೆ ಸಾಕಾಯ್ತು."

ನನಗೆ ಸಿಟ್ಟು ಬಂತು, ಬಾರದೇ ಇರುತ್ತದೆಯೇ? ಬೆಳಿಗ್ಗೆ ಐದಕ್ಕೆ ನಲ್ಲಿ ಬಂದರೆ ಎದ್ದು ನೀರು ತುಂಬುವವನು ನಾನು. ಪಾತ್ರೆ ನಾನು, ಬಟ್ಟೆ ನಾನು, ರೇಷನ್ ಕ್ಯೂ ನಾನು. ನಮ್ಮಪ್ಪ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುತ್ತಿದ್ದರು. ಹಾಗೆ ಆಗಬಾರದೆಂದು ನಾನು ನನ್ನ ಲೋಟದ ಜೊತೆ ಮೋನಪ್ಪನ ಲೋಟವನ್ನೂ ತೊಳೆಯುತ್ತೇನೆ.

"ಏನು ಹೇಳಿದ್ರೂ ಮಾಡ್ತೀನಲ್ಲೋ! ಯಾವತ್ತಾದ್ರೂ ಇಲ್ಲ ಅಂದಿದೀನಾ?"

"ಇಲ್ಲ. ಹೇಳಿದ್ರೆ ಮಾಡ್ತಿ. ನಮ್ಮಲ್ಲಿ ಸಪ್ಲೈಯರ್ ಕೂಗ್ತಾನೆ, ಭಟ್ರು ದೋಸೆ ಹಾಕ್ತಾರೆ. ಬೆವರು ಭಟ್ರದ್ದು, ನಿಜ. ಆದ್ರೆ ಕೂಗುವವನಿಗೆ ಯಾವ ಟೇಬಲ್ಲಿಗೆ ಎಂತ ಅಂತ ಸಂಜೆವರೆಗೆ ತಲೇಲಿ ತಿರುಗ್ತಾ ಉಂಟಲ್ಲ? ನಾನು ಮನೇಲೂ ಕೂಗುದಾ?"

ಆ ರಾತ್ರಿ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಇದರಲ್ಲಿ ತಪ್ಪು ಎಲ್ಲಿದೆ ಎಂದು ಹಿಡಿಯಲು ಆಗಲಿಲ್ಲ. ಹೇಳುವುದೂ ಒಂದು ಕೆಲಸವೇ? ಅಮ್ಮ ಹಾಗೆ ಯಾವತ್ತೂ ಅಂದಿರಲಿಲ್ಲ. ಅಪ್ಪನಿಗೆ ಅಮ್ಮ ಯಾವುದನ್ನೂ ಹೇಳುತ್ತಲೇ ಇರಲಿಲ್ಲ, ತಾನೇ ಮಾಡಿ ಮುಗಿಸುತ್ತಿದ್ದಳು. ಹಾಗಾದರೆ ನಾನು ಅಪ್ಪನಿಗಿಂತ ಮೇಲೋ, ಅಥವಾ ಅಪ್ಪನೇ ಬಟ್ಟೆ ಒಗೆಯುವುದನ್ನು ಕಲಿತು ಬಂದು ಇಲ್ಲಿ ಕೂತಿದ್ದಾರೋ?

ಮರುದಿನ ಆಫೀಸಿನಲ್ಲಿ ನನಗೆ ತಿಳಿದ ಒಂದೇ ದಾರಿ ಹಿಡಿದೆ. ಇಪ್ಪತ್ತು ವರ್ಷದಿಂದ ಡ್ಯೂಟಿ ಲಿಸ್ಟ್ ಮಾಡುವುದೇ ನನ್ನ ಕೆಲಸ. ಮನೆಯದನ್ನೂ ಟೈಪ್ ಮಾಡಿದೆ. ಎಡಗಡೆ ನಂಜುಂಡ, ಬಲಗಡೆ ಮೋನಪ್ಪ, ಕಾರ್ಬನ್ ಇಟ್ಟು ಎರಡು ಪ್ರತಿ. ಸಂಜೆ ಅವನ ಕೈಗೆ ಕೊಟ್ಟು ಹೆಮ್ಮೆಯಿಂದ, "ಏನಾದ್ರೂ ಬಿಟ್ಟುಹೋಗಿದೆಯಾ ನೋಡಿ ಹೇಳು," ಎಂದೆ.

ಮೋನಪ್ಪ ಕಾಗದ ನೋಡಿದ, ನನ್ನನ್ನು ನೋಡಿದ. ಹೊಟ್ಟೆ ಹಿಡಿದು ನಕ್ಕ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಿನ ನೀರೇ ಹೌದೋ ಅಲ್ಲವೋ ಎಂದು ನನಗೆ ತಿಳಿಯಲಿಲ್ಲ.

"ನೋಡಿ ಹೇಳುದು ಯಾರ ಕಾಲಮ್ಮಿನಲ್ಲಿ ಉಂಟು ಮಾರಾಯ?"

ಸರಿ, ಕಾಗದ ಹರಿದೆ. "ಶನಿವಾರದವರೆಗೆ ನೀನು ಏನೂ ಹೇಳಬೇಡ. ಬಾಯಿ ಮುಚ್ಚಿಕೊಂಡಿರು. ನಾನೇ ನೋಡ್ತೀನಿ," ಎಂದೆ. ಅವನು ಕೈ ಮುಗಿದ.

ಬುಧವಾರ ಲೋಕಲ್ಲಿನಲ್ಲಿ ನಿಂತಿದ್ದಾಗ, ಯಾರೂ ಹೇಳದೆ, ತಾನಾಗಿಯೇ ಗ್ಯಾಸ್ ನೆನಪಾಯಿತು. ಎಂಥ ಖುಷಿ ಅಂತೀರಿ! ಸಿಲಿಂಡರ್ ಹಾಕಿ ತಿಂಗಳಾಗುತ್ತ ಬಂತು, ಬುಕ್ ಮಾಡಿದ ಮೇಲೆ ಬರಲು ಮೂರು ವಾರ ಬೇಕು. ಅರ್ಧ ದಿನ ರಜ ಹೋದರೆ ಹೋಗಲಿ ಎಂದು ಇಳಿದು, ಮಳೆಯಲ್ಲಿ ನೆನೆದುಕೊಂಡೇ ಏಜೆನ್ಸಿಗೆ ಹೋದೆ. ಕೌಂಟರಿನ ಮರಾಠಿ ಹೆಂಗಸು ಪುಸ್ತಕ ತಿರುವಿ, "ಕಾಲ್ಚ್ ಬುಕ್ ಝಾಲಂಯ್. ತುಮ್ಚೇ ಭಾವೂ ಆಲೇ ಹೋತೇ," ಎಂದಳು. ನಿನ್ನೆಯೇ ಆಗಿದೆ, ನಿಮ್ಮ ಅಣ್ಣ ಬಂದಿದ್ದರು, ಎಂದು.

ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದೆ; ನಾಲ್ಕಕ್ಕೆ ಮೋನಪ್ಪ ಬಂದೊಡನೆ ಕೂಗಾಡಿದೆ. "ಬುಕ್ ಮಾಡಿದೀನಿ ಅಂತ ಒಂದು ಮಾತು ಹೇಳೋಕ್ಕಾಗಲ್ವೇನೋ ನಿಂಗೆ?"

"ಹೇಳಬಾರ್ದು ಅಂದದ್ದು ನೀನೇ ಅಲ್ವಾ?"

"ಹೇಳಬೇಡ ಅಂದ್ರೆ ಮಾಡು ಅಂತಾನಾ? ನಾನು ನೋಡ್ತೀನಿ ಅಂದಿರಲಿಲ್ವಾ?"

ಅವನ ಮುಖ ಸಣ್ಣದಾಯಿತು. "ನಂಗೂ ಬಿಡ್ಬೇಕು ಅಂತಲೇ ಉಂಟು ನಂಜುಂಡ. ತಲೆ ಬಿಡುದಿಲ್ಲ. ಹೋಟ್ಲಿಂದ ಹೊರಟವನ ಕಾಲು ಅದರಷ್ಟಕ್ಕೆ ಏಜೆನ್ಸಿಗೆ ಹೋಯ್ತು."

ಅಂದರೆ ತಪ್ಪು ನನ್ನದೊಂದೇ ಅಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನು ಬಿಡದೆ ನಾನು ಹಿಡಿಯುವಂತಿಲ್ಲ, ನಾನು ಹಿಡಿಯುತ್ತೇನೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತೋರಿಸದಿದ್ದರೆ ಅವನಾದರೂ ಹೇಗೆ ಬಿಟ್ಟಾನು?

ಶನಿವಾರ ಐದು ಗಂಟೆಗೆ ಅವನು ಧಣಿಗಳನ್ನು ಕಂಡು ಬಂದ. ನಾನು ಸ್ಟೌವಿನ ಮೇಲೆ ಚಹಾಕ್ಕೆ ಹಾಲಿಟ್ಟಿದ್ದೆ. ಅವನು ಗೋಡೆಗೊರಗಿ ನೆಲದ ಮೇಲೆ ಕೂತ. ನಾನು ಅವನೆದುರು ಕೂತೆ.

"ಏನು ಹೇಳಿದೆ?"

"ಹೊಸ ಹೋಟ್ಲಿನ ಕೆಲಸಕ್ಕೆ ಹೂಂ ಅಂದೆ."

"ರೂಮಿಗೆ?"

"ಬೀಗದ ಕೈ ಕೊಡ್ಲಿಕ್ಕೆ ಬಂದ್ರು. ನಾಡಿದ್ದು ತಗೊಳ್ತೇನೆ ಅಂದೆ. ಬೇಡ ಅನ್ಲಿಕ್ಕೆ ಬಾಯಿ ಬರಲಿಲ್ಲ, ತಗೊಳ್ಳಿಕ್ಕೆ ಕೈ ಬರಲಿಲ್ಲ."

"ನೀನು ಹೋಗಬೇಡ ಕಣೋ," ಎಂದೆ. ಇಷ್ಟು ದಿನ ಹೇಳಬೇಕಾಗಿದ್ದ ಮಾತು ಇಷ್ಟೇ ಚಿಕ್ಕದಿತ್ತು. "ನಾನು ಏನು ಮಾಡಬೇಕು? ಅದೊಂದು ಹೇಳಿಬಿಡು."

"ಅದನ್ನೂ ನಾನೇ ಹೇಳ್ಬೇಕಾ?" ಎಂದ ಮೋನಪ್ಪ. ಸಿಟ್ಟಿನಿಂದ ಅಲ್ಲ, ಅವನಿಗೇ ತಿಳಿಯದವನ ಹಾಗೆ.

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನ ಕಣ್ಣು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ಬಾಯಿ ತೆರೆದ, ಮುಚ್ಚಿದ. ಸುಂಯ್ ಎಂದು ಸದ್ದಾಗಿ ಸೀದ ವಾಸನೆ ಬಂತು. ಹಾಲು ಉಕ್ಕಿ ಬರ್ನರ್ ಮೇಲೆಲ್ಲ ಹರಿದಿತ್ತು. ಅರ್ಧ ಎದ್ದಿದ್ದ ಮೋನಪ್ಪ, ಮೊಣಕಾಲಿನ ಮೇಲೆ ಕೈಯೂರಿ, ಮತ್ತೆ ಕೂತ. ನಾನು ಗ್ಯಾಸ್ ತಿರುಗಿಸಿ, ಬಟ್ಟೆ ಹುಡುಕತೊಡಗಿದೆ.