ಇನ್ನೂರಾ ಹದಿನಾಲ್ಕನೆಯ ಲಾಟು

ಮಹಾರಾಷ್ಟ್ರದ ಗಡಿಯೂರು ಸಂಖದಲ್ಲಿ, ಊರವರು ಬೇದಾಣಿ ಎನ್ನುವ ಒಣದ್ರಾಕ್ಷಿಯ ಶೀತಲಗೃಹದಲ್ಲಿ ಕೌಸರ ದಾಸ್ತಾನು ನೋಡಿಕೊಳ್ಳತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ರೈತರು ತಂದ ಚೀಲಗಳಿಗೆ ಒಬ್ಬೊಬ್ಬರಿಗೊಂದರಂತೆ ಲಾಟ್ ನಂಬರು ಕೊಡುವುದು, ಆ ಮಾಲು ತೊಳೆದು, ಗಾತ್ರ ಬೇರ್ಪಡಿಸಿ, ಪೆಟ್ಟಿಗೆ ಸೇರುವವರೆಗೂ ರಜಿಸ್ಟರಿನಲ್ಲಿ ಬರೆದಿಡುವುದು ಅವಳ ಕೆಲಸ. ಈ ಮಾರ್ಚಿನಲ್ಲಿ, ಚೀಲಗಳು ಅಂಗಳದ ತುಂಬ ಬಿದ್ದಿದ್ದಾಗಲೇ, ಮ್ಯಾನೇಜರ್ ವಿಜಯಕುಮಾರ ಅವಳ ಮೇಜಿನ ಮೇಲೆ ಆರು ಹಾಳೆಯ ಒಂದು ಪಟ್ಟಿ ತಂದಿಟ್ಟರು.

"ಮೂರು ಕಂಪನಿಯವರು ಬರ್ತಾರ್ರಿ ಕೌಸರಬಾಯಿ. ಇಆರ್‌ಪಿ ಸಾಫ್ಟ್‌ವೇರ್ ತೋರಸ್ತಾರ. ಖರೀದಿ, ದಾಸ್ತಾನು, ಪ್ಯಾಕಿಂಗು, ರವಾನಗಿ ಎಲ್ಲಾ ಒಂದರಾಗ. ಇದರಾಗ ಅರವತ್ತೆರಡು ಪ್ರಶ್ನಿ ಅದಾವ. ಐತಿ ಅಂದ್ರ ಟಿಕ್ ಹಾಕ್ರಿ, ಇಲ್ಲಂದ್ರ ಬಿಡ್ರಿ. ಯಾವುದಕ್ಕ ಭಾಳ ಟಿಕ್ ಬೀಳ್ತಾವೋ ಅದನ್ನ ತಗೊಳ್ಳೂದು."

"ನಾನs ಯಾಕ್ರಿ? ಸೀಜನ್ ನಡದೈತಿ."

"ಮಾಲು ಎಲ್ಲಿಂದ ಎಲ್ಲಿಗಿ ಹೋಗ್ತೈತಿ ಅನ್ನೂದು ನಿಮಗಿಂತ ಚಲೋ ಯಾರಿಗಿ ಗೊತ್ತೈತ್ರಿ?"

ಕೌಸರ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಹೋದ ವರ್ಷ ಹೊರದೇಶಕ್ಕೆ ಹೋಗಿದ್ದ ಪೆಟ್ಟಿಗೆಯೊಂದರಲ್ಲಿ ಕೀಟನಾಶಕದ ಅಂಶ ಹೆಚ್ಚಿದೆಯೆಂದು ಪೂರ್ತಿ ಮಾಲು ಹಿಂದೆ ಬಂದಿತ್ತು. ಆ ಪೆಟ್ಟಿಗೆ ಯಾರದೆಂದು ಹುಡುಕಲು ನಾಲ್ಕು ದಿನ ಹಿಡಿದಿತ್ತು. ಕೊನೆಗೆ ರಜಿಸ್ಟರು ತೆಗೆದು, ಆಡಳಿತ ಮಂಡಳಿಯವರ ಮುಂದೆ ಹೆಸರು ಓದಿದವಳು ಕೌಸರಳೇ: ಇನ್ನೂರಾ ಹದಿನಾಲ್ಕನೆಯ ಲಾಟು, ಶೇಗಾಂವದ ಸಾತಪ್ಪ. ಸಾತಪ್ಪ "ನಾ ಆ ಔಷಧ ಹೊಡದಿಲ್ರಿ" ಎಂದು ಒಂದೇ ಸಲ ಹೇಳಿ, ಉಳಿದ ಚೀಲಗಳನ್ನು ಟೆಂಪೋಕ್ಕೆ ಏರಿಸಿಕೊಂಡು ಹೋಗಿದ್ದ. ಮತ್ತೆ ಈ ಕಡೆ ಬಂದಿರಲಿಲ್ಲ.

ಮೊದಲು ಬಂದವರು ಪುಣೆಯವರು. ಅವರ ಸಾಫ್ಟ್‌ವೇರಿನಲ್ಲಿ ಬಣ್ಣಬಣ್ಣದ ನಕ್ಷೆಗಳಿದ್ದವು, ಮೊಬೈಲ್ ಆ್ಯಪ್ ಇತ್ತು, ಮರಾಠಿಯೂ ಇತ್ತು. ಐವತ್ತೆಂಟು ಟಿಕ್ ಬಿದ್ದವು. ಗಾತ್ರ ಬೇರ್ಪಡಿಸುವ ಮಷೀನಿನಲ್ಲಿ ಒಬ್ಬರ ಮಾಲು ಉಳಿದಿರುವಾಗಲೇ ಇನ್ನೊಬ್ಬರದು ಬಿದ್ದರೆ ಹೇಗೆ ಬರೆಯುವುದು ಎಂದು ಕೌಸರ ಕೇಳಿದಳು. ಯಾವುದು ಹೆಚ್ಚಿದೆಯೋ ಆ ಲಾಟಿನ ನಂಬರು ಹಾಕಿ ಎಂದು ಅವರು ನಗುತ್ತ ಮರಾಠಿಯಲ್ಲಿ ಹೇಳಿದರು. ಒಂದು ಪೆಟ್ಟಿಗೆಗೆ ಒಂದೇ ನಂಬರು. ಹತ್ತೊಂಬತ್ತು ವರ್ಷ ಅವಳು ಕೈಯಿಂದ ಬರೆಯುತ್ತಿದ್ದುದೂ ಒಂದೇ ನಂಬರನ್ನು.

ಎರಡನೆಯದು ಎಷ್ಟು ಲಾಟು ಕೂಡಿದರೂ ಬರೆದುಕೊಳ್ಳುತ್ತಿತ್ತು. ಆದರೆ ಎಲ್ಲವೂ ದೂರದ ಸರ್ವರಿನಲ್ಲಿ. ತೋರಿಸುತ್ತಿದ್ದಾಗಲೇ ನೆಟ್ ಹೋಯಿತು. ಪರದೆಯ ಮೇಲೆ ಬಿಳಿಯ ಚಕ್ರ ಎರಡು ತಾಸು ತಿರುಗಿತು. ಅಷ್ಟರಲ್ಲಿ ಕೆಳಗೆ ಮುನ್ನೂರು ಪೆಟ್ಟಿಗೆ ಪ್ಯಾಕಾಗಿ ಹೋಗಿದ್ದವು. ಅವಳು ಅವನ್ನು ರಜಿಸ್ಟರಿನಲ್ಲೇ ಬರೆದಳು. ಮನೆಗೆ ಹೋಗುವಾಗ ಕಣ್ಣುಗಳು ಉರಿಯುತ್ತಿದ್ದವು.

ಮೂರನೆಯದನ್ನು ತಂದವಳು ಜತ್ತದ ಸೃಷ್ಟಿ ಎಂಬ ಎಂಜಿನಿಯರ್. ಎಲ್ಲರಿಗೂ ಮುಕ್ತವಾಗಿ ಸಿಗುವ ಒಂದು ಸಾಫ್ಟ್‌ವೇರನ್ನು ಅವಳು ಇಲ್ಲಿಯ ಕೆಲಸಕ್ಕೆ ಹೊಂದಿಸಿದ್ದಳು. ಆ್ಯಪ್ ಇಲ್ಲ, ನಕ್ಷೆ ಇಲ್ಲ, ಪರದೆಯೆಲ್ಲ ಬೂದುಬಣ್ಣ. ಶೆಡ್ಡಿನ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು, ನೆಟ್ ಬಂದಾಗ ಮಾಹಿತಿಯನ್ನು ದೂರದ ಸರ್ವರಿಗೆ ಕಳಿಸುತ್ತಿತ್ತು. ಮೂವತ್ತನಾಲ್ಕೇ ಟಿಕ್.

"ನಮೂನೆ ಮಾಹಿತಿ ಬ್ಯಾಡ್ರಿ ಅಕ್ಕಾ, ನಿಮ್ಮ ಖರೇ ರಜಿಸ್ಟರ್ ಕೊಡ್ರಿ. ಯಾವುದರs ಒಂದು ವಾರದ್ದು" ಎಂದಳು ಸೃಷ್ಟಿ.

ಕೌಸರ ಕಪಾಟು ತೆರೆದಳು. ಬೇಕೆಂದೇ, ಹೋದ ವರ್ಷ ಹಿಂದೆ ಬಂದ ಪೆಟ್ಟಿಗೆ ತುಂಬಿದ ವಾರದ ರಜಿಸ್ಟರು ತೆಗೆದಳು.

ಮಷೀನಿನ ಬಳಿ ಹನ್ನೆರಡು ಹೆಂಗಸರ ಮೇಲ್ವಿಚಾರಣೆ ಮಾಡುವ ಹಾಲವ್ವ ದಿನದಿನದ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಡುತ್ತಿದ್ದಳು. ಯಾವ ಲಾಟು ಎಷ್ಟು ಗಂಟೆಗೆ ಮಷೀನಿಗೆ ಬಿತ್ತು ಎಂದು ಅದರಲ್ಲಿರುತ್ತಿತ್ತು. ಆ ವಾರದ ಚೀಟಿಗಳನ್ನೂ ತರಿಸಿದರು.

"ಲಾಟ್ ಬದಲಾಗೂ ಮುಂದ ಮಷೀನ್ ಪೂರಾ ಖಾಲಿ ಮಾಡ್ತಿದ್ರೇನ್ರಿ?" ಸೃಷ್ಟಿ ಕೇಳಿದಳು.

"ಎಲ್ಲಿ ಖಾಲಿ ಮಾಡೂದವ್ವಾ," ಎಂದಳು ಹಾಲವ್ವ, "ಹೊರಗ ಟ್ರಕ್ ಹಾರ್ನ್ ಹೊಡೀತಿತ್ತು. ಲಗೂನ, ಲಗೂನ ಅಂತಿದ್ರು."

ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವುದಕ್ಕೆ ಎರಡು ದಿನ ಹಿಡಿಯಿತು. ಕೊನೆಗೆ ಸೃಷ್ಟಿ ಹಿಂದೆ ಬಂದ ಪೆಟ್ಟಿಗೆಯ ನಂಬರು ಒತ್ತಿದಳು. ಪರದೆಯ ಮೇಲೆ ಒಂದು ಹೆಸರಲ್ಲ, ಮೂರು ಹೆಸರು ಬಂದವು. ಇನ್ನೂರಾ ಹನ್ನೆರಡು, ಹದಿಮೂರು, ಹದಿನಾಲ್ಕು. ಮೂರರಲ್ಲಿ ಸಾತಪ್ಪನ ಪಾಲೇ ಎಲ್ಲಕ್ಕಿಂತ ಕಡಿಮೆ.

"ಪೆಟ್ಟಿಗಿ ಮುಚ್ಚೂವಾಗ ಹದಿನಾಲ್ಕು ನಡದಿತ್ತು," ಎಂದಳು ಕೌಸರ. "ಅದಕ್ಕ ಅದನ್ನ ಬರದೆ."

ಮರುದಿನ ಅವಳು ಪಟ್ಟಿಯ ಕೊನೆಗೆ ಪೆನ್ನಿನಿಂದ ಅರವತ್ತಮೂರನೆಯ ಪ್ರಶ್ನೆ ಬರೆದು ವಿಜಯಕುಮಾರರ ಮುಂದಿಟ್ಟಳು: ನೆಟ್ ಇಲ್ಲದಾಗಲೂ, ಕೂಡಿದ ಲಾಟುಗಳ ಎಲ್ಲ ಹೆಸರು ತೋರಿಸುತ್ತದೆಯೇ? ಒಂದೇ ಟಿಕ್ ಇತ್ತು, ಮೂರನೆಯದಕ್ಕೆ.

"ಮೂವತ್ನಾಕು ಟಿಕ್ಕಿಂದು ತಗೊಂಡ್ರ ಅಣ್ಣಾರಾಯ ಸಾಹೇಬ್ರು ಏನಂತಾರ್ರಿ?" ಎಂದರು ವಿಜಯಕುಮಾರ. ಅಣ್ಣಾರಾಯರು ಮಂಡಳಿಯ ಅಧ್ಯಕ್ಷರು.

"ತಪ್ಪು ಹೆಸರು ಲಗೂನ ಹೇಳೂ ಮಷೀನ್ ಯಾಕ ಬೇಕ್ರಿ? ಅದಕ್ಕ ನಾನs ಇದ್ದೆ." ಮತ್ತೆ ಹೇಳಿದಳು: "ಸಾತಪ್ಪಣ್ಣಗ ಒಂದು ಪತ್ರ ಬರೀಬೇಕ್ರಿ."

ವಿಜಯಕುಮಾರ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ಬರದ್ರ ಉಳದ ಇಬ್ಬರದು ಏನು ಮಾಡೂದ್ರಿ?"

ಮಂಡಳಿ ಒಂದು ವಾರ ಎಳೆದಾಡಿ ಮೂರನೆಯದನ್ನೇ ಒಪ್ಪಿತು. ಒಂದು ವರ್ಷ ರಜಿಸ್ಟರೂ ನಡೆಯಬೇಕು, ಕಂಪ್ಯೂಟರೂ ನಡೆಯಬೇಕು, ಎರಡನ್ನೂ ಕೌಸರಳೇ ಬರೆಯಬೇಕು ಎಂದು ಷರತ್ತು ಹಾಕಿತು. ಪತ್ರದ ಮಾತು ಯಾರೂ ಎತ್ತಲಿಲ್ಲ.

ರವಿವಾರ ಅವಳು ಬಸ್ಸು ಹಿಡಿದು ಶೇಗಾಂವಕ್ಕೆ ಹೋದಳು. ಸಾತಪ್ಪ ಬಳ್ಳಿಯ ಸಾಲಿನಲ್ಲಿ ತಂತಿ ಬಿಗಿಯುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ, ಬಾ ಎನ್ನಲಿಲ್ಲ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು.

"ಹಂಗಾದ್ರ ನಂದಲ್ಲ ಅಂತೀರೇನು?"

"ಅಲ್ಲ ಅಂತನೂ ಹೇಳಾಕ ಬರಂಗಿಲ್ರಿ. ಮೂವರದೂ ಕೂಡಿತ್ತು. ನಾ ನಿಮ್ಮೊಬ್ಬರ ಹೆಸರು ಓದಿದೆ. ಅದು ತಪ್ಪಾತು."

"ವಿಷದ ಬೇದಾಣಿಯಾಂವ ಅಂತಾರ ನನಗ ಊರಾಗ," ಎಂದ ಸಾತಪ್ಪ. "ನನ್ನ ಬೇದಾಣಿ ಈಗ ಬ್ಯಾರೆ ಕಡಿ ಹೋಗ್ತೈತಿ, ನನ್ನ ಹೆಸರಿಂದಲ್ಲ, ಅಳಿಯನ ಹೆಸರಿಂದ." ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ತಂತಿಯನ್ನು ಮತ್ತೆ ಎಳೆದು ಬಿಗಿಯುತ್ತ ಕೇಳಿದ, "ಈಗರ ಮಷೀನ್ ಖಾಲಿ ಮಾಡ್ತೀರೇನು?"

"ಮಾಡ್ತೀವ್ರಿ. ಒಮ್ಮೊಮ್ಮೆ ಆಗಂಗಿಲ್ಲ. ಆಗದಿದ್ರ ಆಗಿಲ್ಲ ಅಂತ ಬರೀತೀವಿ."

ಅವನ ಹೆಂಡತಿ ಇಂದ್ರಾಬಾಯಿ ಮನೆಯ ಕಡೆಯಿಂದ ಕೂಗಿದಳು: "ಬಿಸಲಾಗ ಯಾಕ ನಿಂದರಸೀರಿ ಅವರನ್ನ? ಒಳಗ ಬರ್ರಿ ಅಕ್ಕಾರ, ಚಾ ಕುಡೀರಿ."

ಸಾತಪ್ಪ ಹೋಗಿ ಎಂಬಂತೆ ಮನೆಯ ಕಡೆ ತಲೆಯಾಡಿಸಿದ. ಕೌಸರ ಒಳಗೆ ಹೋಗಿ ಕೂತಳು. ಇಂದ್ರಾಬಾಯಿ ಕೊಟ್ಟ ಚಹಾ ಕುಡಿದು ಎದ್ದಳು.

ಆ ಸೀಜನ್ನಿನಲ್ಲಿ ಸಾತಪ್ಪ ಸಂಖಕ್ಕೆ ಬರಲಿಲ್ಲ. ಉಳಿದ ಇಬ್ಬರಿಗೂ ಕೌಸರ ತಾನೇ ಫೋನು ಮಾಡಿ ಹೇಳಿದಳು. ಒಬ್ಬ ಜಗಳಾಡಿದ, ಒಬ್ಬ ಸುಮ್ಮನೆ ಫೋನಿಟ್ಟ. ಈಗ ಅವಳು ಒಂದೇ ಮಾಲನ್ನು ಎರಡು ಸಲ ಬರೆಯುತ್ತಾಳೆ, ರಜಿಸ್ಟರಿನಲ್ಲೊಮ್ಮೆ, ಕಂಪ್ಯೂಟರಿನಲ್ಲೊಮ್ಮೆ. ಮಧ್ಯಾಹ್ನದ ಹೊತ್ತಿಗೆ ಬೂದುಬಣ್ಣದ ಪರದೆಯ ಮೇಲೆ ಸಾಲುಗಳು ಒಂದರೊಳಗೊಂದು ಸೇರಿಹೋದಂತೆ ಕಾಣುತ್ತವೆ. ಆಗ ಎದ್ದುಹೋಗಿ ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ಬಂದು ಮತ್ತೆ ಕೂರುತ್ತಾಳೆ.