ಬಾನೆಟ್ ತೆಗೀತಿದ್ದೋರು ಯಾರು

ಹೆಬ್ಬಾಳ ಫ್ಲೈಓವರ್ ಇಳೀತಾ ಬ್ರೇಕ್ ಒತ್ತಿದ್ರೆ ಪೆಡಲ್ ಮೆತ್ತಗೆ ನೆಲಕ್ಕೇ ಹೋಗ್ಬಿಡ್ತು. ಮತ್ತೆ ಮತ್ತೆ ತುಳಿದ ಮೇಲೆ ಗಾಡಿ ನಿಲ್ತು. ಪಕ್ಕದಲ್ಲಿ ಮೊಮ್ಮಗಳು ಅಕ್ಷಯಾ ಕೂತಿದ್ಲು.

ಕಾರು ಹಳೇದು, ಒಪ್ತೀನಿ. ಆದ್ರೆ ಮನೆ ಎತ್ತಿನಂಗೆ ನೋಡ್ಕೊಂಡಿದ್ದೀನಿ. ಪುಟ್ಟೇನಹಳ್ಳಿಯಿಂದ ದಿನಾ ಅಕ್ಷಯಾನ ಸ್ಕೂಲಿಗೆ ಬಿಡೋನು ನಾನೇ. ರಿಟೈರ್ ಆದೋನಿಗೆ ಉಳಿದಿರೋ ಸುಖ ಅದೊಂದೇ.

ಸಂಜೆ ಮಹಡಿಯಿಂದ ಅಳಿಯ ವಿಶ್ವನಾಥ ಇಳಿದು ಬಂದ. ಬಾಗಲಕೋಟೆ ಕಡೆಯೋನು, ದನಿ ಏರ್ಸೋದೇ ಇಲ್ಲ. "ಮಾವಾರ, ಬ್ರೇಕ್ ಸರಿಯಾಗೋ ತನಕ ಅಕ್ಷಯಾ ವ್ಯಾನಿನ್ಯಾಗ ಹೋಗ್ಲಿ ರೀ. ಮತ್ತ ಹಿಂಗಾತಂದ್ರ ಕಾರ್ ಮಾರೂಣು."

ನನ್ನ ಕಾರು, ಇವನು ಮಾರ್ತಾನಂತೆ. ಮೈ ಉರಿದೋಯ್ತು.

ಮೆಕ್ಯಾನಿಕ್ ಸುಬ್ರಮಣಿ ಎಲ್ಲಾ ನೋಡ್ದ. ಎಲ್ಲೂ ಸೋರ್ತಿಲ್ಲ ಅಂದ. ಹಳೇ ಬ್ರೇಕ್ ಆಯಿಲ್ ತೆಗೆದು ಹೊಸದು ಹಾಕಿ, ಪೈಪಲ್ಲಿದ್ದ ಗಾಳಿ ಬಿಟ್ಟ. ಪೆಡಲ್ ಗಟ್ಟಿಯಾಯ್ತು. ಅಕ್ಷಯಾ ಮತ್ತೆ ಬಂದು ನನ್ನ ಪಕ್ಕ ಕೂತ್ಲು. ಕೆಲವೇ ವಾರ, ಟ್ರಾಫಿಕ್ಕಲ್ಲಿ ಪೆಡಲ್ ಮತ್ತೆ ಮೆತ್ತಗಾಯ್ತು. ಪುಣ್ಯಕ್ಕೆ ಅವತ್ತು ಒಬ್ನೇ ಇದ್ದೆ.

"ನಾನು ಮತ್ತೆ ಮತ್ತೆ ಬರ್ಲಿ ಅಂತ ಅರೆಬರೆ ಕೆಲ್ಸ ಮಾಡಿದ್ಯೇನಯ್ಯಾ?" ಅಂತ ಸುಬ್ರಮಣಿನ ತರಾಟೆಗೆ ತಗೊಂಡೆ.

"ಇಲ್ಲ ಸಾರ್, ಆಯಿಲ್‌ಗೆ ನೀರು ಸೇರಿದೆ. ತಣ್ಣಗಿದ್ದಾಗ ಗೊತ್ತಾಗಲ್ಲ. ಬಿಸಿಯಾದ್ರೆ ನೀರು ಆವಿಯಾಗಿ ಪೆಡಲ್ ಕೂತೋಗ್ತದೆ. ಯಾರೋ ಮುಚ್ಚಳ ತೆಗೆದು ಹಾಕ್ದಂಗಿದೆ."

ಮನೆಗೆ ಬಂದು ನೋಡ್ತೀನಿ, ಬಾನೆಟ್ ಧೂಳಲ್ಲಿ ಬೆರಳಿನ ಗುರುತು. ಇನ್ಯಾರು, ವಿಶ್ವನಾಥನೇ. ಗಾಡಿ ಮಾರ್ಸೋಕೆ ನಂಬಿಸಿ ಕತ್ತು ಕುಯ್ತಿದ್ದಾನೆ. ಸ್ವಂತ ಮಗಳು ಕೂರೋ ಗಾಡಿಗೆ ಯಾವ ಅಪ್ಪ ನೀರು ಹಾಕ್ತಾನೆ ಅಂತ ಯೋಚ್ನೆ ಮಾಡೋಷ್ಟು ತಾಳ್ಮೆ ನಂಗೆಲ್ಲಿ. ಕಿಟಕಿ ಪಕ್ಕ ಕಾಯ್ತಾ ಕೂತೆ.

ಶನಿವಾರ ಬೆಳಿಗ್ಗೆ ಬಾನೆಟ್ ಸದ್ದಾಯ್ತು. ಸಿಕ್ಕಾಕ್ಕೊಂಡ ಅಂತ ಓಡ್ದೆ. ನಿಂತಿದ್ದೋಳು ನನ್ನ ಹೆಂಡ್ತಿ ಮುನಿನಾರಾಯಣಮ್ಮ. ಬ್ರೇಕ್ ಆಯಿಲ್ ಡಬ್ಬಿಗೆ ಲೋಟದಿಂದ ಏನೋ ಬಿಡ್ತಿದ್ಲು.

"ಏನೇ ಅದು?"

"ಆಂಜನೇಯನ ತೀರ್ಥ. ಬ್ರೇಕಿನ ಜೀವ ಈ ಡಬ್ಬೀಲೈತೆ ಅಂತ ಆಯುಧಪೂಜೆ ದಿನ ಸುಬ್ರಮಣಿ ತೋರ್ಸಿದ್ನಲ್ಲ. ಶನಿವಾರ ಶನಿವಾರ ಒಂಚೂರು ಆಕ್ತೀನಿ."

"ನಿನ್ ತಲೆ ನೆಟ್ಟಗಿದ್ಯೇನೇ? ಇದ್ರಿಂದಾನೇ ಬ್ರೇಕ್ ಹಿಡೀತಿಲ್ಲ. ಮಗು ಪ್ರಾಣ ಹೋಗ್ತಿತ್ತು."

ಅವಳ ಮುಖ ಬಿಳಿಚ್ಕೊಳ್ತು. ಲೋಟ ಕೆಳಗಿಟ್ಲು. "ಅಯ್ಯೋ, ನಂಗೇನ್ ಗೊತ್ತಿತ್ತು. ನಾನು ಎದ್ರಿದ್ದು ಬ್ರೇಕಿಗಲ್ಲ, ನಿಮ್ ಕಣ್ಣಿಗೆ."

"ನನ್ ಕಣ್ಣಿಗೇನಾಗಿದೆ?"

"ಕೆರೆ ತಿರುವಲ್ಲಿ ಸೈಕಲ್‌ನೋನು ನಿಮ್ಗೆ ಕಾಣ್ಲೇ ಇಲ್ವಂತೆ. ಅಕ್ಷಯಾ ಕೂಗ್ಕೊಂಡಿದ್ಕೆ ನಿಲ್ಸಿದ್ರಂತೆ. ಅಪ್ಪಂಗೆ ಏಳ್ಬೇಡ ಅಜ್ಜಿ, ಆಮೇಲೆ ತಾತನ ಜೊತೆ ಕಳ್ಸಲ್ಲ ಅಂತ ನನ್ ಕೈಲಿ ಆಣೆ ಆಕ್ಸ್ಕೊಂಡೈತೆ ಮಗು. ನಿಮ್ಗೇ ಏಳೋಣ ಅಂದ್ರೆ, ಬಾಯಿ ತೆಗೆಯೋಕೆ ಬಿಡ್ತೀರಾ? ಅದ್ಕೇ ಆಂಜನೇಯನಾದ್ರೂ ಕಾಯ್ಲಿ ಅಂತ ತೀರ್ಥ ಆಕ್ದೆ."

ಆ ಸೈಕಲ್‌ನೋನು ನೆನಪಿದ್ದ. ಕಣ್ಣು ಕಾಣಲ್ವೇನೋ ಅಂತ ಅವನನ್ನೇ ಬೈದಿದ್ದೆ. ನಾಚ್ಕೆ ಆಯ್ತು.

ಅವತ್ತೇ ಸುಬ್ರಮಣಿ ಆಯಿಲ್ ಪೂರ್ತಿ ಬದಲಾಯಿಸ್ದ. ಸೋಮವಾರ ಅಕ್ಷಯಾ ಯೂನಿಫಾರ್ಮ್ ಹಾಕ್ಕೊಂಡು ಮುಂದಿನ ಸೀಟಲ್ಲಿ ಕೂತ್ಲು. ಬೆಲ್ಟ್ ಹಾಕ್ಕೊಂಡು, ಗಾಡಿ ಇನ್ನೂ ಹೊರಡೋ ಮುಂಚೇನೇ, ಮುಂದಕ್ಕೆ ಬಾಗಿ ರಸ್ತೆ ನೋಡೋಕೆ ಶುರು ಮಾಡಿದ್ಲು. ಇಷ್ಟು ದಿನ ದಾರಿ ನೋಡ್ತಿದ್ದೋಳು ಇವಳು. ಬಾಗಿಲು ತೆಗೆದು ಇಳಿದೆ.

ಮಹಡಿ ಕಡೆ ತಿರುಗಿ ಕರೆದೆ. "ಅಳಿಯಂದ್ರೇ, ಸ್ವಲ್ಪ ಕೆಳಗೆ ಬನ್ನಿ. ಇವತ್ತಿಂದ ಗಾಡಿ ನೀವೇ ಓಡ್ಸಿ."

ಕೀ ಅವನ ಕೈಗೆ ಕೊಟ್ಟು ಹಿಂದಿನ ಸೀಟಲ್ಲಿ ಕೂತೆ. ಅಕ್ಷಯಾ ಬೆಲ್ಟ್ ಬಿಚ್ಚಿ ಇಳಿದ್ಲು, ಹಿಂದಿನ ಬಾಗಿಲು ತೆಗೆದು ನನ್ನ ಪಕ್ಕ ಬಂದು ಕೂತ್ಲು.