ವರ್ಷ ತುಂಬದ ಮನೆಯ ಮಲ್ಲಿಗೆ

ಗಂಟು ಮತ್ತೆ ಜಾರಿತು. ಗೌರೀಶಂಕರ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಮಲ್ಲಿಗೆ ಮೊಗ್ಗುಗಳನ್ನು ಎದುರುಬದುರು ಜೋಡಿಸಿ ಕಟ್ಟುತ್ತಿದ್ದ. ಹೊಳೆನರಸೀಪುರದ ಬಸ್ ಡಿಪೋದಲ್ಲಿ ಸರ್ವಿಸೆಲ್ಲ ಬೋಲ್ಟು ತಿರುಗಿಸಿ ಸವೆದ ಬೆರಳುಗಳು. ಚಕ್ರ ಬಿಚ್ಚು ಎಂದರೆ ಕಣ್ಣು ಮುಚ್ಚಿ ಬಿಚ್ಚಿಯಾವು, ಮೊಗ್ಗಿನ ಕತ್ತು ಹಿಸುಕದೆ ಗಂಟು ಹಾಕು ಎಂದರೆ ಅವಕ್ಕೆ ಎಲ್ಲಿಂದ ಬರಬೇಕು?

ಹೆಂಡತಿ ನೀಲಾಂಬಿಕೆ ಇದ್ದಾಗ ಹಿತ್ತಲಿನಲ್ಲಿ ಅವನ ಪಾಲಿನ ಕೆಲಸ ಕಾಫಿ ಕುಡಿಯುವುದೊಂದೇ ಆಗಿತ್ತು. ಕಾರ್ತಿಕದಲ್ಲಿ ಆಕೆ ತೀರಿಕೊಂಡಳು. ಪುಷ್ಯದಲ್ಲಿ ಇವನೇ ಕತ್ತರಿ ಹಿಡಿದು ಮಲ್ಲಿಗೆ ಗಿಡ ಸವರಿದ. ಎಲೆಯೊಂದೂ ಉಳಿಯದಂತೆ ಸವರಿ, ಕೊಂದೇಬಿಟ್ಟೆನೇನೋ ಎಂದು ಹೆದರಿ, ದಿನಾ ಉಗುರಿನಿಂದ ಕಡ್ಡಿ ಕೆರೆದು ಹಸಿರಿದೆಯೇ ಎಂದು ನೋಡುತ್ತಿದ್ದ. ಶಿವರಾತ್ರಿ ಕಳೆದದ್ದೇ ತಡ, ತುದಿತುದಿಗೂ ಮೊಗ್ಗು ಹಿಡಿಯಿತು. ಮಾವಿನ ಹೂವಿಗೆ ಜೇನು ಮುತ್ತಿತು, ನುಗ್ಗೆಹೂವು ಕಾಫಿ ಲೋಟದೊಳಕ್ಕೇ ಉದುರತೊಡಗಿತು. ಇದನ್ನೆಲ್ಲ ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಹೇಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.

ಮೊದಲೆಲ್ಲ ಸಂಜೆಯಾದರೆ ಪಕ್ಕದ ಗೌಡರ ಮನೆಯ ಸೌಜನ್ಯ "ಅಕ್ಕಾ, ಹೂವ ಬಿಟ್ಟವಾ?" ಎನ್ನುತ್ತ ಹಿತ್ತಲಿಗೇ ಬರುತ್ತಿದ್ದಳು. ಹೂವು ನೆಪಕ್ಕೆ. ಹೆಂಗಸರಿಬ್ಬರೂ ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡುತ್ತಿದ್ದರು, ಇವನು ಒಳಗಿನಿಂದಲೇ ಕೇಳಿಸಿಕೊಂಡು ನಗುತ್ತಿದ್ದ. ಈಗ ಒಂಟಿ ಗಂಡಸಿನ ಮನೆಗೆ ಅವಳಾದರೂ ಹೇಗೆ ಬಂದಾಳು? ಅದು ಇವನಿಗೂ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಹೊತ್ತು ಹಿತ್ತಲ ಬಾಗಿಲು ಹಾಕುತ್ತಿರಲಿಲ್ಲ.

ಇವತ್ತು ಸೌಜನ್ಯಳ ಮಗಳು ಸ್ಪಂದನಾಗೆ ಹೂ ಮುಡಿಸುವ ಶಾಸ್ತ್ರ. ಅರಕಲಗೂಡಿನಿಂದ ಗಂಡಿನ ಕಡೆಯವರು ಬರುವವರಿದ್ದರು. "ನಿನ್ ಶಾಸ್ತ್ರಕ್ಕೆ ನಮ್ ಗಿಡದ್ದೇ ಹೂವ ಕಣೇ" ಎಂದು ನೀಲಾಂಬಿಕೆ ಆ ಹುಡುಗಿಗೆ ಮಾತು ಕೊಟ್ಟಿದ್ದಳು. ಆ ಮಾತು ಉಳಿಸಬೇಕು, ಉಳಿಸಿದರೆ ಕಡಿದುಹೋದ ಬಳಕೆ ಮತ್ತೆ ಕೂಡೀತು ಎಂದು ಗೌರೀಶಂಕರನ ಆಸೆ. ಅಂತೂ ಸೊಟ್ಟಪಟ್ಟಗೆ ಒಂದು ಮಾರು ಮಾಲೆಯಾಯಿತು. ಬಾಳೆಲೆಯಲ್ಲಿ ಸುತ್ತಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು ಹೊರಟ.

ಸೌಜನ್ಯ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು.

"ನೀವೇ ಕಟ್ಟಿದ್ರಾ ಸಾ?"

"ಊಂ ಕಣಮ್ಮ. ಅವ್ಳು ಮಾತು ಕೊಟ್ಬುಟ್ಟಿದ್ಲಲ್ಲ ಮಗೀಗೆ."

ಅವಳ ಕಣ್ಣು ತುಂಬಿತು. ಆ ಕಣ್ಣೀರು ಸುಳ್ಳಿನದಲ್ಲ.

ಸ್ಪಂದನಾ ಜರಿಸೀರೆ ಉಟ್ಟು ಹಸೆಗೆ ಬಂದಳು. ಅವಳ ಮುಡಿಯಲ್ಲಿದ್ದದ್ದು ಹಾಸನದ ಅಂಗಡಿಯಿಂದ ತರಿಸಿದ ಮೊಗ್ಗಿನ ಜಡೆ. ದೇವರ ಪಟಕ್ಕಾದರೂ ಹಾಕಿರಬಹುದೆಂದು ಗೌರೀಶಂಕರ ಕತ್ತು ಉದ್ದ ಮಾಡಿ ನೋಡಿದ, ಅಲ್ಲೂ ಅವನ ಮಾಲೆ ಕಾಣಲಿಲ್ಲ. ಊಟವಾದ ಮೇಲೆ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯುವಾಗ ಅಡುಗೆಮನೆ ಕಿಟಕಿಯಿಂದ ಮಾತು ಕೇಳಿಸಿತು. ಸೌಜನ್ಯಳ ಅತ್ತೆ ಕಾಮಾಕ್ಷಮ್ಮ ಗದರುತ್ತಿದ್ದಳು.

"ಅದು ವರ್ಸ ತುಂಬ್ದಿರೋ ಮನೆ ಊವ. ಯಾಕಮ್ಮಿ ಇಸ್ಕೊಂಡೆ? ಬೀಗ್ರಿಗೆ ಗೊತ್ತಾದ್ರೆ ಏನಂದಾರು?"

"ಹೂವ ಬ್ಯಾಡ ಅನ್ನಕ್ಕಾಯ್ತದಾ ಅತ್ತೆ? ಫ್ರಿಜ್ಜಲ್ಲಿ ಮಡಗಿವ್ನಿ. ಎಲ್ರೂ ಹೋದ್ಮೇಲೆ ತೆಂಗಿನ ಬುಡಕ್ಕೆ ಹಾಕ್ತೀನಿ."

ಗೌರೀಶಂಕರನ ಜನರಲ್ಲಿ ಸೂತಕವಿಲ್ಲ. ಕೊರಳಲ್ಲಿ ಲಿಂಗ ಇರುವವರಿಗೆ ಸಾವಿನ ಮೈಲಿಗೆ ಎಲ್ಲಿಯದು ಎಂದು ಕೇಳಿಕೊಂಡೇ ಬೆಳೆದವನು. ಪಕ್ಕದ ಮನೆಯವರ ಶಾಸ್ತ್ರ ಬೇರೆ ಎನ್ನುವುದು, ಇಷ್ಟು ವರ್ಷ ಒಂದೇ ಗೋಡೆಯ ಆಚೀಚೆ ಬದುಕಿದ್ದರೂ, ಅವನ ತಲೆಗೆ ಹೊಳೆದಿರಲಿಲ್ಲ. ಸಿಟ್ಟು ಬರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಹೆಂಡತಿ ಇನ್ನೊಮ್ಮೆ ಸತ್ತಷ್ಟು ದುಃಖವಾಯಿತು. ಹುಡುಗಿಯ ತಲೆಗೆ ಅಕ್ಷತೆ ಹಾಕಿ, ನಗುನಗುತ್ತಲೇ ಬರುತ್ತೇನೆಂದು ಹೇಳಿ ಮನೆಗೆ ಬಂದ.

ಗಿಡಕ್ಕೆ ಇದ್ಯಾವುದರ ಪರಿವೆ? ಮರುದಿನ ಸಂಜೆ ಮತ್ತೆ ಮೈತುಂಬ ಮೊಗ್ಗು. ಬಿಟ್ಟರೆ ಅರಳಿ ಉದುರುತ್ತವೆ, ಕಿತ್ತರೆ ಕೊಡುವುದು ಯಾರಿಗೆ? ಆದರೂ ಕಿತ್ತ, ಕಿತ್ತ ಮೇಲೆ ಕಟ್ಟಿದ. ಕೈಗೆ ಹದ ಸಿಕ್ಕಿತ್ತೋ ಏನೋ, ಈ ಮಾಲೆ ಒತ್ತಾಗಿ ಬಂತು. ಅಷ್ಟರಲ್ಲಿ ಹೂ ಮಾರುವ ನಂಜಮ್ಮ ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗುತ್ತ ಬಂದಳು. ಅವನು ಗೇಟಿನ ಹತ್ತಿರ ಹೋಗಿ ಮಾಲೆ ಚಾಚಿದ.

"ಇದ ತಗೊಂಡೋಗಿ ಮಾರ್ಕೋ. ನಂಗೇನೂ ಕೊಡಬ್ಯಾಡ."

"ಪುಗಸಟ್ಟೆ ಯಾಕೆ ಸಾ? ಸಂದಾಗಿ ಕಟ್ಟವ್ರೆ. ಯಾರು ಕಟ್ಟಿದ್ದು?"

"ಯಾರೋ. ಯಾರ್ ಮನೇದು ಅಂತ ಮಾತ್ರ ಯೋಳ್ಬ್ಯಾಡ."

ನಂಜಮ್ಮ ಅವನ ಬೆರಳಿಗಂಟಿದ್ದ ನಾರಿನ ಎಳೆಯನ್ನು ನೋಡಿದಳು, ಮುಖ ನೋಡಿದಳು. ಮಾಲೆಯನ್ನು ಸುರುಳಿ ಸುತ್ತಿ ಬುಟ್ಟಿಯ ಮೇಲುಗಡೆಯೇ ಇಟ್ಟುಕೊಂಡು ಮುಂದೆ ಹೋದಳು. ಪಕ್ಕದ ಗೇಟು ಕಿರುಗುಟ್ಟಿತು.

"ಒಂದ್ಮೊಳ ಕೊಡಮ್ಮಿ. ಅದಲ್ಲ, ಆ ಮೇಲಿರೋದು." ಸೌಜನ್ಯಳ ದನಿ. "ಅಬ್ಬಾ, ಏನ್ ಘಮ! ನಮ್ ನೀಲಕ್ಕನ ಗಿಡದ್ದೂ ಇಂಗೇ ಇತ್ತು ಕಣಮ್ಮಿ."

"ಮುಡ್ಕೊಳವ್ವ," ಎಂದಳು ನಂಜಮ್ಮ.

ಮಾಡಿದ್ದು ಸರಿಯೋ ತಪ್ಪೋ ಗೌರೀಶಂಕರನಿಗೆ ತಿಳಿಯಲಿಲ್ಲ. ಗೋಡೆಯ ಮರೆಯಲ್ಲೇ ನಿಂತ. ಆಚೆ ಸೌಜನ್ಯ ಕತ್ತು ಬಗ್ಗಿಸಿ, ಹೇರ್‌ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು, ಹೂವು ಮುಡಿದುಕೊಳ್ಳುತ್ತಿದ್ದಳು.